ಅಂಕಿಬರಹ, ಸಂಖ್ಯೆ, ಸಂಖ್ಯಾಪದ: ಆಧಾರ ಪರಿವರ್ತನೆಯ ಒಂದು ಪ್ರಾಥಮಿಕ ಅಭ್ಯಾಸದ ಭಾಷಿಕ ವಿವೇಚನೆ

ಗಣಕದ ಕ್ರಮವಿಧಿ ರಚನೆಯನ್ನು ಕಲಿಯತೊಡಗಿದವರಿಗೆ ಆರಂಭದಲ್ಲಿಯೇ ಕೊಡುವ ಅಭ್ಯಾಸಗಳಲ್ಲಿ ಒಂದು ಹೀಗಿರುತ್ತದೆ: ‘ದಶಮಾನ ಸಂಖ್ಯೆಯೊಂದನ್ನು ದ್ವಿಮಾನ ಸಂಖ್ಯೆಯಾಗಿ ಪರಿವರ್ತಿಸುವ ಕ್ರಮವಿಧಿಯನ್ನು ಬರೆಯಿರಿ.’ ಗಣಿತದ ದೃಷ್ಟಿಯಿಂದ ಇದು ಸುಲಭ. ಕೊಟ್ಟ ಸಂಖ್ಯೆಯನ್ನು ಎರಡರಿಂದ ಭಾಗಿಸಿ ಶೇಷವನ್ನು ಬರೆದಿಟ್ಟುಕೊಳ್ಳಬೇಕು; ಭಾಗಲಬ್ಧವನ್ನು ಮತ್ತೆ ಎರಡರಿಂದ ಭಾಗಿಸಬೇಕು; ಭಾಗಲಬ್ಧ ಸೊನ್ನೆಯಾದಾಗ ನಿಲ್ಲಿಸಬೇಕು. ಹದಿಮೂರನ್ನು ಹೀಗೆ ಭಾಗಿಸುತ್ತ ಹೋದರೆ 1, 0, 1, 1 ಎಂಬ ಶೇಷಗಳು ಕ್ರಮವಾಗಿ ದೊರೆಯುತ್ತವೆ. ಅವನ್ನು ಕೊನೆಯಿಂದ ಮೊದಲಿಗೆ ಬರೆದರೆ 1101. ಇಷ್ಟು ಸರಳವಾದ ಅಭ್ಯಾಸದಲ್ಲಿ ಕಲಿಯುವವರು ಎಡವುವುದೇಕೆ ಎಂಬುದನ್ನು ಸಾಮಾನ್ಯವಾಗಿ ಗಣಿತ ಬೋಧನೆಯ ಪ್ರಶ್ನೆಯೆಂದು ಎಣಿಸಲಾಗುತ್ತದೆ. ಆ ಎಡವಿಕೆಯ ಬಹುಭಾಗ ಭಾಷಿಕವಾದುದು, ಆದುದರಿಂದ ಅದು ಭಾಷಾವಿಜ್ಞಾನದ ಪರಿಧಿಗೂ ಸೇರಿದ್ದು ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲ ತೊಡಕು ಅಭ್ಯಾಸದ ವಾಕ್ಯದಲ್ಲಿಯೇ ಇದೆ. ಸಂಖ್ಯೆಯು ದಶಮಾನವೂ ಅಲ್ಲ, ದ್ವಿಮಾನವೂ ಅಲ್ಲ. ಅಂಗಳದಲ್ಲಿ ಹದಿಮೂರು ಕಲ್ಲುಗಳಿದ್ದರೆ ಅವುಗಳ ಎಣಿಕೆಗೆ ಆಧಾರವೆಂಬುದಿಲ್ಲ. ಆ ಎಣಿಕೆಯನ್ನು ಬರೆಯುವ ಕ್ರಮಕ್ಕೆ ಆಧಾರವಿದೆ. ಆದ್ದರಿಂದ ಇಲ್ಲಿ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ಹೆಸರಿಸಿಕೊಳ್ಳುವುದು ಅಗತ್ಯ. ಎಣಿಕೆಯಿಂದ ದೊರೆಯುವ ಬೆಲೆಯನ್ನು ‘ಸಂಖ್ಯೆ’ ಎನ್ನೋಣ. ಅದನ್ನು ಸೂಚಿಸಲು ಸಾಲಾಗಿ ಬರೆದ ಅಂಕಿಗಳನ್ನು ‘ಅಂಕಿಬರಹ’ ಎನ್ನೋಣ. ಅದನ್ನು ಹೇಳಲು ಭಾಷೆಯೊಂದು ಬಳಸುವ ಪದ ಅಥವಾ ಪದಪುಂಜವನ್ನು ‘ಸಂಖ್ಯಾಪದ’ ಎನ್ನೋಣ. 13, 1101, ಹದಿಮೂರು, ತ್ರಯೋದಶ ಇವು ಸೂಚಕಗಳು, ಸೂಚಿತವು ಒಂದೇ. ಸಸೂರ್‌ನ ಈ ಹಳೆಯ ವಿಂಗಡಣೆ ಇಲ್ಲಿ ಚೆನ್ನಾಗಿ ಒದಗುತ್ತದೆಯಾದರೂ ಒಂದು ಭೇದವನ್ನು ಗಮನಿಸಬೇಕು. ‘ಮರ’ ಎಂಬ ಸೂಚಕದ ಒಳಗಿನ ಧ್ವನಿಗಳಿಗೆ ಪ್ರತ್ಯೇಕ ಅರ್ಥವಿಲ್ಲ. ಅಂಕಿಬರಹದ ಪ್ರತಿಯೊಂದು ಅಂಕಿಗೂ ಮುಖಬೆಲೆಯಿದೆ, ಪ್ರತಿಯೊಂದು ಸ್ಥಾನಕ್ಕೂ ಸ್ಥಾನಬೆಲೆಯಿದೆ. ಹೀಗೆ ಅಂಕಿಬರಹವು ಪದಕ್ಕಿಂತ ವಾಕ್ಯವನ್ನು ಹೆಚ್ಚು ಹೋಲುತ್ತದೆ: ಅದಕ್ಕೆ ತನ್ನದೇ ಆದ ವ್ಯಾಕರಣವಿದೆ, ಆ ವ್ಯಾಕರಣಕ್ಕೆ ಹೊಂದದ ಬರಹಗಳೂ ಇವೆ. ದ್ವಿಮಾನದಲ್ಲಿ 1102 ಎಂಬುದು ವ್ಯಾಕರಣದೋಷವೇ ಹೊರತು ತಪ್ಪು ಬೆಲೆಯಲ್ಲ.

‘ಹತ್ತು’ ಎಂಬ ಪದವೂ 10 ಎಂಬ ಬರಹವೂ

10 ಎಂಬ ಬರಹವನ್ನು ಕಂಡ ಕನ್ನಡಿಗರು ‘ಹತ್ತು’ ಎಂದು ಓದುತ್ತಾರೆ. ಅದೇ ಬರಹ ದ್ವಿಮಾನದಲ್ಲಿ ಎರಡನ್ನೂ ಅಷ್ಟಮಾನದಲ್ಲಿ ಎಂಟನ್ನೂ ಷೋಡಶಮಾನದಲ್ಲಿ ಹದಿನಾರನ್ನೂ ಸೂಚಿಸುತ್ತದೆ. ಪ್ರತಿಯೊಂದು ಆಧಾರವೂ ತನ್ನನ್ನು ತಾನು 10 ಎಂದೇ ಬರೆದುಕೊಳ್ಳುವುದರಿಂದ, ಯಾವ ಆಧಾರದಲ್ಲಿ ಬರೆಯುತ್ತಿದ್ದೇವೆ ಎಂಬುದನ್ನು ಆ ಆಧಾರದ ಅಂಕಿಗಳಿಂದಲೇ ತಿಳಿಸುವುದು ಸಾಧ್ಯವಿಲ್ಲ. ಅದಕ್ಕೆ ಪದ ಬೇಕು. ದ್ವಿ, ಅಷ್ಟ, ದಶ, ಷೋಡಶ ಎಂಬ ಸಂಸ್ಕೃತ ಪದಗಳನ್ನು ನಮ್ಮ ಪಠ್ಯಪುಸ್ತಕಗಳು ಆಧಾರಗಳ ಹೆಸರಿಗೆ ಬಳಸಿಕೊಂಡಿರುವುದು ಕೇವಲ ರೂಢಿಯೆಂದು ತೋರಬಹುದು. ವಾಸ್ತವವಾಗಿ ಅವು ಅಂಕಿಬರಹದ ಹೊರಗೆ ನಿಂತು ಅದರ ಬಗ್ಗೆ ಮಾತನಾಡುವ ಮೇಲ್ಭಾಷೆಯ ಪದಗಳು.

‘ಹತ್ತು’ ಎಂಬುದು ಬೆಲೆಯ ಹೆಸರು, 10 ಎಂಬ ಆಕಾರದ ಹೆಸರಲ್ಲ. ದ್ವಿಮಾನದ 10ನ್ನು ‘ದ್ವಿಮಾನದ ಹತ್ತು’ ಎಂದು ಕರೆಯುವ ವಿದ್ಯಾರ್ಥಿಯ ಬಾಯಲ್ಲಿ ಇವೆರಡೂ ಒಂದಾಗಿಬಿಟ್ಟಿವೆ. ಇದಕ್ಕೆ ಕಾರಣವೂ ಇದೆ. ಕನ್ನಡದ ಸಂಖ್ಯಾಪದಗಳ ವ್ಯಾಕರಣವು ಹತ್ತರ ಆಧಾರವನ್ನು ಪ್ರತಿ ಹೆಜ್ಜೆಯಲ್ಲಿಯೂ ಬಾಯಿಬಿಟ್ಟು ಹೇಳುತ್ತದೆ. ‘ಮುನ್ನೂರು’ ಮತ್ತು ‘ನೂರ ಮೂರು’ ಎಂಬ ಜೋಡಿಯನ್ನು ನೋಡಿ. ಮೊದಲನೆಯದರಲ್ಲಿ ಸಂಖ್ಯಾವಾಚಿಯು ವಿಶೇಷಣರೂಪ ತಾಳಿ ನೂರಿನ ಹಿಂದೆ ಸಮಾಸವಾಗಿ ಸೇರಿದೆ, ಅರ್ಥ ಗುಣಾಕಾರ. ಎರಡನೆಯದರಲ್ಲಿ ‘ನೂರು’ ತನ್ನ ವಿಭಕ್ತಿಪೂರ್ವ ರೂಪದಲ್ಲಿ ಮೊದಲು ಬಂದು ‘ಮೂರು’ ಬಿಡಿಯಾಗಿ ಅನಂತರ ಬಂದಿದೆ, ಅರ್ಥ ಸಂಕಲನ. ಇನ್ನೂರು, ಐನೂರು, ಒಂಬೈನೂರು ಒಂದು ಕಡೆ. ನೂರ ಎರಡು, ಸಾವಿರದ ಐದು ಇನ್ನೊಂದು ಕಡೆ. ಹತ್ತು, ನೂರು, ಸಾವಿರ, ಲಕ್ಷ, ಕೋಟಿ ಎಂಬ ಸ್ಥಾನನಾಮಗಳೇ ಇಲ್ಲಿ ಕಂಬಗಳು. ಅಂಕಿಬರಹದಲ್ಲಿ ಈ ಕಂಬಗಳು ಕಾಣುವುದಿಲ್ಲ, ಬರಿಯ ಜಾಗಗಳಾಗಿ ಉಳಿಯುತ್ತವೆ. ಹಾಗೆಯೇ ಅಂಕಿಬರಹಕ್ಕೆ ಅನಿವಾರ್ಯವಾದ ಸೊನ್ನೆ ಸಂಖ್ಯಾಪದದಲ್ಲಿ ಕೇಳಿಸುವುದಿಲ್ಲ: 103ರಲ್ಲಿ ಮೂರು ಅಂಕಿಗಳಿವೆ, ‘ನೂರ ಮೂರು’ ಎಂಬಲ್ಲಿ ಎರಡೇ ಪದಗಳು.

ಆದ್ದರಿಂದ ದ್ವಿಮಾನದ 1101ನ್ನು ‘ಸಾವಿರದ ನೂರ ಒಂದು’ ಎಂದು ಉಚ್ಚರಿಸುವುದು ಓದುವಿಕೆಯಲ್ಲ, ತಪ್ಪು ಭಾಷಾಂತರ. ಸಾವಿರ, ನೂರು ಎಂಬ ಪದಗಳು ಹತ್ತರ ಘಾತಗಳನ್ನು ತಮ್ಮೊಡನೆ ಕರೆತರುತ್ತವೆ. ‘ಒಂದು ಒಂದು ಸೊನ್ನೆ ಒಂದು’ ಎಂದು ದೂರವಾಣಿ ಸಂಖ್ಯೆಯನ್ನು ಹೇಳುವಂತೆ ಬಿಡಿಬಿಡಿಯಾಗಿ ಹೇಳುವುದೊಂದೇ ಉಳಿದ ದಾರಿ. ದ್ವಿಮಾನಕ್ಕೆ ಬರವಣಿಗೆಯಿದೆ, ಮಾತಿಲ್ಲ. ಅದನ್ನು ಕಾಗುಣಿತ ಹೇಳಿದಂತೆ ಹೇಳಬಹುದಷ್ಟೆ. ಹತ್ತನ್ನು ಬಿಟ್ಟು ಬೇರೆ ಆಧಾರಗಳುಳ್ಳ ಭಾಷೆಗಳು ಲೋಕದಲ್ಲಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಯುಕಿ ಭಾಷೆಯವರು ಬೆರಳುಗಳನ್ನಲ್ಲದೆ ಬೆರಳುಗಳ ನಡುವಣ ಸಂದುಗಳನ್ನು ಎಣಿಸುತ್ತಿದ್ದರೆಂದೂ ಅದರಿಂದ ಅವರ ಎಣಿಕೆಗೆ ಎಂಟು ಆಧಾರವಾಯಿತೆಂದೂ ಮಾನವಶಾಸ್ತ್ರದ ಬರಹಗಳು ಹೇಳುತ್ತವೆ. ಫ್ರೆಂಚಿನಲ್ಲಿ ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’ ಎಂಬರ್ಥದ ಪದವಿದೆ. ಆದರೆ ಗಣಕದ ದ್ವಿಮಾನವು ಯಾವ ಸಮುದಾಯದ ಬಾಯಲ್ಲಿಯೂ ಬೆಳೆದು ಬಂದುದಲ್ಲ.

ಸಂಖ್ಯಾಪದವು ಅಂಕಿಬರಹದ ಧ್ವನಿರೂಪವಲ್ಲ ಎಂಬುದಕ್ಕೆ ಕನ್ನಡದ ಒಂಬತ್ತೇ ಸಾಕ್ಷಿ. 9 ಎಂಬ ಅಂಕಿಯಲ್ಲಿ ಹತ್ತರ ಸುಳಿವಿಲ್ಲ. ‘ಒಂಬತ್ತು’ ಎಂಬ ಪದದಲ್ಲಿ ‘ಪತ್ತು’ ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂದು ಅದನ್ನು ಬಿಡಿಸುವ ವಿವರಣೆ ವಾಡಿಕೆಯಲ್ಲಿದೆ. ಹಳಗನ್ನಡದ ‘ಪತ್ತು’ ಪದಾದಿಯಲ್ಲಿ ‘ಹತ್ತು’ ಆದರೂ ಇಪ್ಪತ್ತು, ಎಂಬತ್ತು, ಒಂಬತ್ತು, ತೊಂಬತ್ತುಗಳ ಒಳಗೆ ಅದರ ಪಕಾರ ಅಥವಾ ಬಕಾರ ಉಳಿದುಕೊಂಡಿದೆ. ತಮಿಳಿನಲ್ಲಂತೂ ತೊಂಬತ್ತರ ಪದದಲ್ಲಿ ನೂರೂ ಒಂಬೈನೂರರ ಪದದಲ್ಲಿ ಸಾವಿರವೂ ಸೇರಿವೆ. ಪದಗಳು ಮುಂದಿನ ಸ್ಥಾನದ ಕಡೆಗೆ ಕೈಚಾಚಿವೆ. ಅಂಕಿಬರಹದಲ್ಲಿ ಇಂಥ ಮುನ್ನೋಟಕ್ಕೆ ಎಡೆಯಿಲ್ಲ.

ಸರಿಯಾಗಿ ಕಾಣುವ ತಪ್ಪು

ಈಗ ವಿದ್ಯಾರ್ಥಿಗಳು ಬರೆಯುವ ಕ್ರಮವಿಧಿಯೊಂದನ್ನು ಪರಿಶೀಲಿಸಬಹುದು. ಅದರಲ್ಲಿ ‘ಫಲ’ ಮತ್ತು ‘ಸ್ಥಾನ’ ಎಂಬ ಎರಡು ಚರಗಳಿರುತ್ತವೆ. ಫಲವು ಸೊನ್ನೆಯಿಂದಲೂ ಸ್ಥಾನವು ಒಂದರಿಂದಲೂ ಆರಂಭವಾಗುತ್ತವೆ. ಎರಡರಿಂದ ಭಾಗಿಸಿದಾಗಲೆಲ್ಲ ಶೇಷವನ್ನು ಸ್ಥಾನದಿಂದ ಗುಣಿಸಿ ಫಲಕ್ಕೆ ಕೂಡಿಸಲಾಗುತ್ತದೆ. ಅನಂತರ ಸ್ಥಾನವನ್ನು ಹತ್ತರಿಂದ ಗುಣಿಸಲಾಗುತ್ತದೆ. ಹದಿಮೂರನ್ನು ಕೊಟ್ಟರೆ ಒಂದು, ಸೊನ್ನೆ, ನೂರು, ಸಾವಿರ ಸೇರಿ ತೆರೆಯ ಮೇಲೆ 1101 ಮೂಡುತ್ತದೆ. ಉತ್ತರ ಸರಿಯೆಂದು ಅಂಕಗಳೂ ದೊರೆಯುತ್ತವೆ.

ಆದರೆ ಗಣಕದ ನೆನಪಿನಲ್ಲಿ ಕುಳಿತಿರುವುದು ಹದಿಮೂರಲ್ಲ, ಸಾವಿರದ ನೂರ ಒಂದು. ಅದಕ್ಕೆ ಒಂದನ್ನು ಕೂಡಿಸಿದರೆ 1102 ಬರುತ್ತದೆ; ಹದಿನಾಲ್ಕರ ದ್ವಿಮಾನ ಬರಹ 1110. ಈ ಕ್ರಮವಿಧಿ ಸಂಖ್ಯೆಯ ಹೊಸ ಬರಹವನ್ನು ರಚಿಸಿಲ್ಲ. ಬೇರೊಂದು ಸಂಖ್ಯೆಯನ್ನು ಆರಿಸಿಕೊಂಡಿದೆ, ಅದರ ದಶಮಾನ ಬರಹವು ನಮಗೆ ಬೇಕಾದ ದ್ವಿಮಾನ ಬರಹದಂತೆ ಕಾಣುತ್ತದೆ, ಅಷ್ಟೆ. ಭಾಷಾವಿಜ್ಞಾನದ ಮಾತಿನಲ್ಲಿ ಇದು ಸಮರೂಪತೆಯ ದುರುಪಯೋಗ: ‘ಅರಿ’ ಎಂದರೆ ತಿಳಿ ಎಂದೂ ಶತ್ರು ಎಂದೂ ಆಗುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು, ಬರಹ ಒಂದೇ ಆಗಿದೆಯಲ್ಲ ಎಂದು ಸಮಾಧಾನಪಟ್ಟಂತೆ.

ಮೋಸ ಬಯಲಾಗುವ ಎರಡು ಸಂದರ್ಭಗಳುಂಟು. 32 ಬಿಟ್‌ಗಳ ಪೂರ್ಣಾಂಕವು ಹಿಡಿಯಬಲ್ಲ ಅತಿ ದೊಡ್ಡ ಬೆಲೆ 2,14,74,83,647. 1023ರವರೆಗೆ ಈ ಉಪಾಯ ನಡೆಯುತ್ತದೆ, ಏಕೆಂದರೆ ಅದರ ದ್ವಿಮಾನ ಬರಹ ಹತ್ತು ಒಂದುಗಳು. 1024ಕ್ಕೆ ಬಂದಾಗ ಒಂದರ ಮುಂದೆ ಹತ್ತು ಸೊನ್ನೆಗಳು ಬೇಕು. ಸಾವಿರ ಕೋಟಿಯಷ್ಟು ದೊಡ್ಡ ಆ ಬೆಲೆ ಅಲ್ಲಿ ಹಿಡಿಸುವುದಿಲ್ಲ. ಮೂಲ ಸಂಖ್ಯೆ ಕೇವಲ ಸಾವಿರದ ಇಪ್ಪತ್ತನಾಲ್ಕು ಎಂಬುದನ್ನು ನೆನೆದರೆ ದೋಷದ ಸ್ವರೂಪ ತಿಳಿಯುತ್ತದೆ. ಎರಡನೆಯ ಸಂದರ್ಭ ಇನ್ನೂ ಬೋಧಕವಾದುದು. ಅದೇ ಕ್ರಮವಿಧಿಯನ್ನು ಷೋಡಶಮಾನಕ್ಕೆ ಹೊಂದಿಸಿ 187ನ್ನು ಕೊಡೋಣ. ಹದಿನಾರರಿಂದ ಭಾಗಿಸಿದರೆ ಶೇಷ ಹನ್ನೊಂದು, ಭಾಗಲಬ್ಧವೂ ಹನ್ನೊಂದು. ಹನ್ನೊಂದಕ್ಕೆ ಒಂದೇ ಅಂಕಿಯಿರಬೇಕಾದ ಆಧಾರ ಇದು. ರೋಮನ್ ಲಿಪಿಯ ಬಿ ಅಕ್ಷರವನ್ನು ಅದಕ್ಕೆಂದು ಎರವಲು ಪಡೆಯಲಾಗಿದೆ, ಆದ್ದರಿಂದ ಸರಿಯಾದ ಬರಹ ‘ಬಿಬಿ’. ನಮ್ಮ ಕ್ರಮವಿಧಿ ಮಾತ್ರ ಹನ್ನೊಂದಕ್ಕೆ ನೂರ ಹತ್ತನ್ನು ಕೂಡಿಸಿ 121 ಎಂದು ತೋರಿಸುತ್ತದೆ. ಷೋಡಶಮಾನದಲ್ಲಿ 121 ವ್ಯಾಕರಣಬದ್ಧವಾದ ಬರಹವೇ. ಅದರ ಬೆಲೆ ಮಾತ್ರ 289. ದ್ವಿಮಾನದಲ್ಲಿ ಶೇಷಗಳು ಒಂದನ್ನು ಮೀರದ ಕಾರಣ ಮುಚ್ಚಿಹೋಗಿದ್ದ ದೋಷ ಇಲ್ಲಿ ಹೊರಬೀಳುತ್ತದೆ. ಅಭ್ಯಾಸವನ್ನು ದ್ವಿಮಾನಕ್ಕೇ ಸೀಮಿತಗೊಳಿಸುವ ಪಠ್ಯಕ್ರಮಗಳು ಕಲಿಯುವವರಿಗೆ ಉಪಕಾರ ಮಾಡುತ್ತಿಲ್ಲವೆಂದು ನನ್ನ ಅಭಿಪ್ರಾಯ.

ಸರಿಯಾದ ಕ್ರಮವಿಧಿಯಲ್ಲಿ ಫಲವು ಪೂರ್ಣಾಂಕವಲ್ಲ, ಅಕ್ಷರಸರಣಿ. ಶೇಷ ದೊರೆತಂತೆ ಅದಕ್ಕೆ ತಕ್ಕ ಅಂಕಿಯ ಚಿಹ್ನೆಯನ್ನು ಸರಣಿಯ ಎಡಕ್ಕೆ ಜೋಡಿಸಬೇಕು. ಕ್ರಮವಿಧಿ ಭಾಷೆಗಳು ಪೂರ್ಣಾಂಕವನ್ನೂ ಅಕ್ಷರಸರಣಿಯನ್ನೂ ಎರಡು ಜಾತಿಗಳಾಗಿ ಕಟ್ಟುನಿಟ್ಟಾಗಿ ಬೇರ್ಪಡಿಸಿರುವುದು ನಾವು ಸೂಚಿತ, ಸೂಚಕ ಎಂದು ಹೇಳುವ ಭೇದಕ್ಕೇ ಸಮೀಪವಾದುದು. ಪೈಥಾನ್ ಭಾಷೆಯ ‘ಬಿನ್’ ಎಂಬ ಸಿದ್ಧಕಾರ್ಯಕ್ಕೆ ಹದಿಮೂರನ್ನು ಕೊಟ್ಟರೆ ಮರಳಿ ಬರುವುದು ಸಂಖ್ಯೆಯಲ್ಲ, ಸರಣಿ. ಅದರ ಮೊದಲಲ್ಲಿ ಸೊನ್ನೆ ಮತ್ತು ಬಿ ಅಕ್ಷರಗಳೂ ಇರುತ್ತವೆ. ಈ ಉಪಸರ್ಗಕ್ಕೆ ಬೆಲೆಯಿಲ್ಲ. ಮುಂದಿನದನ್ನು ಯಾವ ವರ್ಗದ್ದೆಂದು ಓದಬೇಕು ಎಂದು ತಿಳಿಸುವುದಷ್ಟೇ ಅದರ ಕೆಲಸ. ಕ್ಯೂನಿಫಾರ್ಮ್ ಲಿಪಿಯಲ್ಲಿ ಉಚ್ಚಾರಣೆಯಿಲ್ಲದೆ ದೇವರ ಹೆಸರು, ಊರಿನ ಹೆಸರು ಎಂದು ವರ್ಗವನ್ನು ಮಾತ್ರ ಸೂಚಿಸುವ ನಿರ್ಧಾರಕ ಚಿಹ್ನೆಗಳಿಗೆ ಇದಕ್ಕಿಂತ ಹತ್ತಿರದ ಆಧುನಿಕ ಸಾದೃಶ್ಯ ನನಗೆ ತಿಳಿದಿಲ್ಲ. ಸಿ ಭಾಷೆಯಲ್ಲಿ ಬರಿಯ ಸೊನ್ನೆಯೇ ಅಷ್ಟಮಾನದ ನಿರ್ಧಾರಕ. ಅಲ್ಲಿ 013 ಎಂದು ಬರೆದರೆ ಅದರ ಬೆಲೆ ಹನ್ನೊಂದು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲಿ ಕಲಿತವರು ಇಲ್ಲಿ ಬೆಚ್ಚುವುದು ಸಹಜ.

ಅಂಕಿಗಳ ನಡೆ

ಶೇಷಗಳನ್ನು ತಿರುಗಿಸಿ ಬರೆಯುವುದನ್ನು ಮರೆಯುವುದು ಇನ್ನೊಂದು ಸಾಮಾನ್ಯ ದೋಷ. ಹದಿಮೂರಕ್ಕೆ 1011 ಎಂದು ಬರೆದವರು ಲೆಕ್ಕದಲ್ಲಿ ತಪ್ಪಿಲ್ಲ, ಬರಹದ ದಿಕ್ಕಿನಲ್ಲಿ ತಪ್ಪಿದ್ದಾರೆ. ಭಾಗಾಕಾರವು ಅತಿ ಕಿರಿಯ ಸ್ಥಾನದ ಅಂಕಿಯನ್ನು ಮೊದಲು ಕೊಡುತ್ತದೆ. ನಮ್ಮ ಬರಹ ಹಿರಿಯ ಸ್ಥಾನವನ್ನು ಎಡಕ್ಕೆ ಇಡುತ್ತದೆ, ಕನ್ನಡದ ಸಂಖ್ಯಾಪದವೂ ಹಿರಿಯದನ್ನು ಮೊದಲು ಹೇಳುತ್ತದೆ: ಹದಿಮೂರು, ಇಪ್ಪತ್ತೈದು. ಸಂಸ್ಕೃತದ ತ್ರಯೋದಶ, ಪಂಚವಿಂಶತಿಗಳಲ್ಲಿ ಕ್ರಮ ತಿರುಗುಮುರುಗು. ಜರ್ಮನ್ನಿನಲ್ಲಿಯೂ ಇಪ್ಪತ್ತೈದು ‘ಐದು ಮತ್ತು ಇಪ್ಪತ್ತು’. ಯಾವ ಕ್ರಮವೂ ಸಹಜವಲ್ಲ.

ಕಿರಿಯದನ್ನು ಮೊದಲು ಹೇಳುವ ಪದ್ಧತಿ ಭಾರತದಲ್ಲಿ ಶಾಸ್ತ್ರವಾಗಿಯೇ ಬೆಳೆದಿತ್ತು. ಭೂತಸಂಖ್ಯೆಯಲ್ಲಿ ಚಂದ್ರ ಎಂದರೆ ಒಂದು, ನೇತ್ರ ಎಂದರೆ ಎರಡು, ಅಗ್ನಿ ಎಂದರೆ ಮೂರು, ಆಕಾಶ ಎಂದರೆ ಸೊನ್ನೆ. ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ ಎಂಬುದು ಅಲ್ಲಿನ ನಿಯಮ. ‘ಅಗ್ನಿ-ಚಂದ್ರ’ ಎಂದರೆ 31 ಅಲ್ಲ, 13. ವಿಜಯನಗರ ಕಾಲದ ಸಂಸ್ಕೃತ ತಾಮ್ರಶಾಸನಗಳಲ್ಲಿ ಶಕವರ್ಷವನ್ನು ಹೀಗೆ ಹೇಳಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಎರಡರಿಂದ ಭಾಗಿಸಿ ಬಂದ ಶೇಷಗಳನ್ನು ಬಂದ ಕ್ರಮದಲ್ಲಿಯೇ ಈ ರೂಢಿಗೆ ಅಳವಡಿಸಿ ‘ಚಂದ್ರ-ಆಕಾಶ-ಚಂದ್ರ-ಚಂದ್ರ’ ಎಂದರೆ ಅದರ ಬರಹ 1101 ಆಗುತ್ತದೆ. ತಿರುಗಿಸುವ ಹೊರೆ ಓದುಗರಿಗೆ ವರ್ಗವಾಗುತ್ತದೆ.

ಇನ್ನೂ ಹಿಂದಿನ, ಇನ್ನೂ ನಿಕಟವಾದ ನಿದರ್ಶನ ಛಂದಸ್ಸಿನದು. ಪಿಂಗಲನ ಛಂದಃಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ ಬರುವ ‘ನಷ್ಟ’ ಎಂಬ ವಿಧಾನ, ಪ್ರಸ್ತಾರದ ಸಾಲಿನ ಕ್ರಮಾಂಕವನ್ನು ಮಾತ್ರ ಕೊಟ್ಟಾಗ ಆ ಸಾಲಿನ ಗುರುಲಘುವಿನ್ಯಾಸವನ್ನು ಕಂಡುಹಿಡಿಯುವುದಕ್ಕೆ ಮೀಸಲಾದುದು. ಕ್ರಮಾಂಕವನ್ನು ಅರ್ಧಿಸಲು ಬಂದರೆ ಲಘುವನ್ನು ಬರೆದು ಅರ್ಧಿಸಬೇಕು. ಬಾರದಿದ್ದರೆ ಒಂದನ್ನು ಕೂಡಿಸಿ ಅರ್ಧಿಸಿ ಗುರುವನ್ನು ಬರೆಯಬೇಕು. ಮೂರಕ್ಷರದ ಪ್ರಸ್ತಾರದ ಆರನೆಯ ಸಾಲನ್ನು ತೆಗೆದುಕೊಳ್ಳೋಣ. ಆರು ಸಮ, ಆದ್ದರಿಂದ ಲಘು, ಉಳಿದದ್ದು ಮೂರು. ಮೂರು ಬೆಸ, ಆದ್ದರಿಂದ ಗುರು; ಒಂದು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ, ಆದ್ದರಿಂದ ಲಘು. ದೊರೆತದ್ದು ಲಘು-ಗುರು-ಲಘು, ಅಂದರೆ ಜಗಣ. ಮ, ಯ, ರ, ಸ, ತ, ಜ, ಭ, ನ ಎಂಬ ಪ್ರಸ್ತಾರಕ್ರಮದಲ್ಲಿ ಜಗಣ ಆರನೆಯದೇ. ಲಘುವಿಗೆ 1, ಗುರುವಿಗೆ 0 ಎಂದಿಟ್ಟುಕೊಂಡರೆ ಇದು ಆರರಲ್ಲಿ ಒಂದು ಕಳೆದ ಐದರ ದ್ವಿಮಾನ ಬರಹ, ಕಿರಿಯ ಸ್ಥಾನ ಮೊದಲಾಗಿ. ಸಾಲುಗಳನ್ನು ಸೊನ್ನೆಯಿಂದಲ್ಲದೆ ಒಂದರಿಂದ ಎಣಿಸುವುದರಿಂದ ಆ ‘ಒಂದನ್ನು ಕೂಡಿಸುವ’ ತಿದ್ದುಪಡಿ ಬೇಕಾಯಿತು; ಕ್ರಮವಿಧಿ ಬರೆಯುವವರು ಇಂದಿಗೂ ಅದೇ ಒಂದರ ಹೆಚ್ಚುಕಡಮೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಪದ್ಯದ ಮೊದಲ ಅಕ್ಷರಕ್ಕೆ ಮೊದಲ ಫಲ, ಎರಡನೆಯದಕ್ಕೆ ಎರಡನೆಯ ಫಲ ಎಂದು ನೇರವಾಗಿ ಬರೆಯುತ್ತ ಹೋಗುವುದರಿಂದ ಇಲ್ಲಿ ತಿರುಗಿಸುವ ಪ್ರಮೇಯವೇ ಇಲ್ಲ.

ಇದನ್ನು ಆಧರಿಸಿ ಪಿಂಗಲನು ದ್ವಿಮಾನ ಸಂಖ್ಯೆಗಳನ್ನು ಕಂಡುಹಿಡಿದನೆಂದು ಹೇಳುವ ಉತ್ಸಾಹವನ್ನು ಆಗಾಗ ಕಾಣುತ್ತೇವೆ. ಅದಕ್ಕೆ ಕಡಿವಾಣ ಅಗತ್ಯ. ಗುರುಲಘುಗಳು ಅಕ್ಷರಗಳ ಮಾತ್ರಾಭೇದಗಳು, ಅಂಕಿಗಳಲ್ಲ. ಜಗಣವನ್ನೂ ಯಗಣವನ್ನೂ ಕೂಡಿಸಿ ಮೊತ್ತವನ್ನು ಯಾರೂ ಹೇಳುತ್ತಿರಲಿಲ್ಲ. ಪಿಂಗಲನ ನಿಜವಾದ ಸಾಧನೆ ನಮ್ಮ ವಾದಕ್ಕೆ ಹೆಚ್ಚು ಉಪಯುಕ್ತ: ಕ್ರಮಾಂಕವೆಂಬ ಬೆಲೆಗೂ ವಿನ್ಯಾಸವೆಂಬ ಬರಹಕ್ಕೂ ನಡುವೆ ಎರಡು ದಿಕ್ಕಿನಲ್ಲಿಯೂ ಸಂಚರಿಸುವ ನಿಯಮಗಳನ್ನು ಅವನು ಕೊಟ್ಟನು. ವಿನ್ಯಾಸದಿಂದ ಕ್ರಮಾಂಕಕ್ಕೆ ಮರಳುವ ‘ಉದ್ದಿಷ್ಟ’ವೇ ಎರಡನೆಯ ದಿಕ್ಕು. ವಿನ್ಯಾಸವನ್ನು ಕ್ರಮಾಂಕವೆಂದು ತಪ್ಪಿ ತಿಳಿಯುವ ಅವಕಾಶ ಅಲ್ಲಿರಲಿಲ್ಲ, ಏಕೆಂದರೆ ಗುರುಲಘುಗಳು 0, 1ರಂತೆ ದಶಮಾನದ ವೇಷದಲ್ಲಿ ಬರುತ್ತಿರಲಿಲ್ಲ.

ವ್ಯಾವಹಾರಿಕ ಲೆಕ್ಕದಲ್ಲಿಯೂ ಈ ಸಂಚಾರ ಪರಿಚಿತವೇ ಆಗಿತ್ತು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬರುವವರೆಗೆ ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಇನ್ನೂರು ಪೈಗಳನ್ನು ಹನ್ನೆರಡರಿಂದ ಭಾಗಿಸಿದರೆ ಶೇಷ ಎಂಟು ಪೈ, ಭಾಗಲಬ್ಧ ಹದಿನಾರಾಣೆ. ಅದನ್ನು ಹದಿನಾರರಿಂದ ಭಾಗಿಸಿದರೆ ಶೇಷ ಸೊನ್ನೆ, ಭಾಗಲಬ್ಧ ಒಂದು ರೂಪಾಯಿ. ಆಧಾರವು ಸ್ಥಾನದಿಂದ ಸ್ಥಾನಕ್ಕೆ ಬದಲಾಗುವ ಈ ಲೆಕ್ಕ ದ್ವಿಮಾನಕ್ಕಿಂತ ಕಠಿನವಾದುದು. ಆದರೂ ಪ್ರತಿ ಸ್ಥಾನಕ್ಕೂ ಪೈ, ಆಣೆ, ರೂಪಾಯಿ ಎಂಬ ಹೆಸರಿದ್ದುದರಿಂದ ಒಂದು ರೂಪಾಯಿ ಎಂಟು ಪೈಯನ್ನು ನೂರ ಎಂಟು ಎಂದು ಯಾರೂ ಓದುತ್ತಿರಲಿಲ್ಲ.

ಬರಹದಿಂದ ಸಂಖ್ಯೆಗೆ

ಮರುದಿಕ್ಕಿನ ಅಭ್ಯಾಸ, ಅಂದರೆ 1101 ಎಂಬ ಸರಣಿಯಿಂದ ಹದಿಮೂರನ್ನು ಪಡೆಯುವುದು, ಎರಡು ಬಗೆಯಾಗಿ ಸಾಧ್ಯ. ಪ್ರತಿ ಅಂಕಿಯನ್ನು ಅದರ ಸ್ಥಾನಬೆಲೆಯಿಂದ ಗುಣಿಸಿ ಕೂಡಿಸುವುದು ಒಂದು: ಎಂಟು, ನಾಲ್ಕು, ಸೊನ್ನೆ, ಒಂದು. ಸಂಖ್ಯಾಪದಗಳ ವ್ಯಾಕರಣ ಇದೇ ಜಾಡಿನದಾದುದರಿಂದ ಕಲಿಯುವವರಿಗೆ ಇದು ಒಗ್ಗುತ್ತದೆ. ಇದರಲ್ಲಿ ಒಂದು ತೊಡಕಿದೆ. 2345ನ್ನು ಓದಲು ಹೊರಟವರು ‘ಎರಡು ಸಾವಿರ’ ಎಂದು ಬಾಯಿ ತೆರೆಯುವ ಮೊದಲೇ ಬಲಗಡೆ ಮೂರು ಅಂಕಿಗಳಿವೆಯೆಂದು ಎಣಿಸಿಕೊಂಡಿರಬೇಕು. ಪೂರ್ತಿ ಬರಹ ಕಣ್ಣ ಮುಂದಿಲ್ಲದೆ ಮೊದಲ ಪದವನ್ನೂ ಹೇಳಲಾಗದು. ಹಾರ್ನರ್ ಹೆಸರಿನಿಂದ ಪ್ರಸಿದ್ಧವಾದ ಇನ್ನೊಂದು ವಿಧಾನಕ್ಕೆ ಆ ಮುನ್ನೋಟ ಬೇಕಿಲ್ಲ. ಇದುವರೆಗಿನ ಬೆಲೆಯನ್ನು ಎರಡರಿಂದ ಗುಣಿಸಿ ಹೊಸ ಅಂಕಿಯನ್ನು ಕೂಡಿಸುತ್ತ ಸಾಗಿದರೆ 1, 3, 6, 13 ಎಂಬ ಬೆಲೆಗಳು ಬರುತ್ತವೆ. ಭಾಗಾಕಾರದಲ್ಲಿ ನಾವು ಇಳಿದು ಬಂದ 13, 6, 3, 1 ಎಂಬ ಮೆಟ್ಟಿಲುಗಳನ್ನೇ ಇಲ್ಲಿ ಹತ್ತಿದ್ದೇವೆ. ಸ್ಥಾನನಾಮಗಳೇ ಇಲ್ಲದ ಈ ವಿಧಾನ ಯಾವ ಸಹಜ ಭಾಷೆಯ ಸಂಖ್ಯಾಪದಕ್ಕೂ ಹೋಲುವುದಿಲ್ಲ. ಅಂಕಿಬರಹಕ್ಕೆ ಮಾತ್ರ ಸಹಜವಾದುದು.

ಕನ್ನಡದ ಪಠ್ಯಗಳನ್ನು ಗಣಕದಲ್ಲಿ ಸಂಸ್ಕರಿಸುವ ಸಂಶೋಧನ ವಿದ್ಯಾರ್ಥಿಗಳಿಗೆ ಇದರ ಪ್ರಯೋಜನ ನೇರವಾದುದು. ಒಂದು ಅಂಕಿಯ ಚಿಹ್ನೆಯಿಂದ ಅದರ ಮುಖಬೆಲೆಯನ್ನು ಪಡೆಯಲು, ಚಿಹ್ನೆಯ ಸಂಕೇತಸಂಖ್ಯೆಯಿಂದ 48ನ್ನು ಕಳೆಯುವ ಉಪಾಯವನ್ನು ಹಲವು ಪ್ರಾರಂಭಿಕ ಪುಸ್ತಕಗಳು ಕಲಿಸುತ್ತವೆ. 7ರ ಸಂಕೇತ 55 ಆದುದರಿಂದ ಉತ್ತರ ಸರಿಯಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡದ ೦ ಚಿಹ್ನೆಯ ಸಂಕೇತ 3302, ೭ರದು 3309. ಅದೇ ಉಪಾಯ ಕನ್ನಡ ಅಂಕಿಗಳಿರುವ ಪಠ್ಯಕ್ಕೆ ಅನ್ವಯವಾದರೆ ೭ರ ಬೆಲೆ 3261 ಎಂದು ಬರುತ್ತದೆ. ಚಿಹ್ನೆಯೇ ಸಂಖ್ಯೆ ಎಂಬ ಭ್ರಮೆ ಇಲ್ಲಿ ದತ್ತಾಂಶವನ್ನೇ ಕೆಡಿಸುತ್ತದೆ.

ಪೈಥಾನಿನ ‘ಇಂಟ್’ ಎಂಬ ಸಿದ್ಧಕಾರ್ಯ ಇದಕ್ಕಿಂತ ಜಾಣತನದಿಂದ ವರ್ತಿಸುತ್ತದೆ. ಉದ್ಧರಣ ಚಿಹ್ನೆಗಳ ನಡುವೆ ‘1101’ ಎಂದು ಕೊಟ್ಟು ಆಧಾರ 2 ಎಂದರೆ ಅದು ಹದಿಮೂರನ್ನು ಕೊಡುತ್ತದೆ. ‘೧೧೦೧’ ಎಂದು ಕೊಟ್ಟರೂ ಹದಿಮೂರನ್ನೇ ಕೊಡುತ್ತದೆ. ‘1102’ ಎಂದು ಕೊಟ್ಟರೆ ದೋಷವೆಂದು ನಿರಾಕರಿಸುತ್ತದೆ. ಲಿಪಿಭೇದವನ್ನು ಅದು ಉಪವರ್ಣಗಳ ಭೇದದಂತೆ ಕಡೆಗಣಿಸಿ, ವ್ಯಾಕರಣಭಂಗವನ್ನು ಮಾತ್ರ ಸಹಿಸದು. ಆದರೆ ಉದ್ಧರಣ ಚಿಹ್ನೆಗಳಿಲ್ಲದೆ ಕ್ರಮವಿಧಿಯ ಮೈಯಲ್ಲಿ ನೇರವಾಗಿ ೧೩ ಎಂದು ಬರೆದರೆ ಅದೇ ಪೈಥಾನ್ ಒಪ್ಪುವುದಿಲ್ಲ, 13 ಎಂದು ಬರೆದರೆ ಒಪ್ಪುತ್ತದೆ. ಮೊದಲ ಸಂದರ್ಭದಲ್ಲಿ ನಾವು ಬರಹವೊಂದನ್ನು ವಸ್ತುವಾಗಿ ಅದರ ಮುಂದಿಟ್ಟು ಬೆಲೆಯನ್ನು ಕೇಳುತ್ತಿದ್ದೇವೆ. ಎರಡನೆಯದರಲ್ಲಿ ನಾವೇ ಆ ಭಾಷೆಯಲ್ಲಿ ಮಾತನಾಡುತ್ತಿದ್ದೇವೆ, ಮತ್ತು ಆ ಭಾಷೆಯ ಲಿಪಿಯಲ್ಲಿ ೧, ೩ ಎಂಬ ಅಂಕಿಗಳಿಲ್ಲ. ಅಭ್ಯಾಸದ ವಾಕ್ಯವನ್ನು ತಿದ್ದುವುದಾದರೆ ಈ ಭೇದ ಅದರಲ್ಲಿಯೇ ಕಾಣಬೇಕು: ‘ಒಂದು ಸಂಖ್ಯೆಯ ದಶಮಾನ ಬರಹವನ್ನು ಅಕ್ಷರಸರಣಿಯಾಗಿ ಕೊಡಲಾಗಿದೆ. ಅದರಿಂದ ಆ ಸಂಖ್ಯೆಯನ್ನು ಪಡೆಯಿರಿ. ಪಡೆದ ಸಂಖ್ಯೆಯ ದ್ವಿಮಾನ ಬರಹವನ್ನೂ ಷೋಡಶಮಾನ ಬರಹವನ್ನೂ ಅಕ್ಷರಸರಣಿಗಳಾಗಿ ರಚಿಸಿರಿ.’